ಮಾಸ್ತರರ ಭಾಷಣದ ಪುಸ್ತಕ

ಮಾಘದ ಬಿಸಿಲು ಏರುತ್ತಿತ್ತು. ಕಬ್ಬು ಕಡಿಯುವವರು ನಸುಕಿನಲ್ಲೇ ಹೊಲ ಸೇರಿದ್ದರು. ಕರೋಶಿ ಹಳ್ಳಿಯ ಮನೆಯ ಅಂಗಳದಲ್ಲಿ ಗೌರಾಬಾಯಿ ಹೊಸ ಜೋಳ ಕೇರುತ್ತಿದ್ದಳು. ಪಡಸಾಲೆಯಲ್ಲಿ ಶಿವಗಂಗವ್ವ ಪುಸ್ತಕ ಆರಿಸುತ್ತಿದ್ದಳು.

ಚಿಕ್ಕೋಡಿಯ ಕಾಲೇಜಿನಲ್ಲಿ ಭಾಷಣಕಲೆಯ ಪಾಠ ಈಗ ಅವಳ ಪಾಲಿಗೆ ಬಂದಿತ್ತು. ಗೌರಾಬಾಯಿಯ ಗಂಡ ವಿರುಪಾಕ್ಷಪ್ಪ ಮಾಸ್ತರರು ಹೋದ ತಿಂಗಳು ತೀರಿಕೊಂಡ ಮೇಲೆ, ಅವರ ಪುಸ್ತಕಗಳಲ್ಲಿ ಬೇಕಾದ್ದನ್ನು ಒಯ್ಯೆಂದು ಆಕೆಯೇ ಹೇಳಿಕಳಿಸಿದ್ದಳು. ಹೈಸ್ಕೂಲಿನಲ್ಲಿ ತೊದಲುತ್ತಿದ್ದ ಶಿವಗಂಗವ್ವನನ್ನು ವೇದಿಕೆ ಹತ್ತಿಸಿದವರು ಆ ಮಾಸ್ತರರು. ಈಗ ಪುಸ್ತಕಗಳ ಮೇಲೆ ಅವರ ರುಜು ಕಂಡರೂ ಅವಳಿಗೆ ಅಳು ಬರಲಿಲ್ಲ. ಕೈ ಸುಮ್ಮನೆ ಧೂಳು ಒರೆಸುತ್ತಿತ್ತು.

ವಾದ ಹೂಡುವ ಬಗೆ ತಿಳಿಸುವ ಪುಸ್ತಕ ಒಯ್ಯುವ ಗಂಟಿಗೆ ಹೋಯಿತು. ಅಲಂಕಾರದ್ದು, ಉದಾಹರಣೆ ಚಲೋ ಇದ್ದವು, ಅದೂ ಹೋಯಿತು. ದನಿ ಪಳಗಿಸುವುದನ್ನು ಹೇಳುವ ಮರಾಠಿ ಪುಸ್ತಕ ನಿಪ್ಪಾಣಿ ಕಡೆಯ ಹುಡುಗರಿಗೆ ಆದೀತು. ಕೊನೆಗೆ ಮಾಸ್ತರರೇ ಬರೆದು ಅಚ್ಚು ಹಾಕಿಸಿದ್ದು ಸಿಕ್ಕಿತು. ಸತ್ಕಾರ, ನಿವೃತ್ತಿ, ಶ್ರದ್ಧಾಂಜಲಿ, ಹೀಗೆ ಸಭೆಗೊಂದು ಸಿದ್ಧ ಭಾಷಣ. ಹೆಸರು ತುಂಬಿಕೊಳ್ಳುವ ಜಾಗ ಮಾತ್ರ ಖಾಲಿ. ಅದನ್ನು ಬದಿಗಿಟ್ಟಳು.

"ಅದನ್ಯಾಕ ಅತ್ಲಾಗ ಇಟ್ಟೆವ್ವಾ?"

"ಹುಡುಗರು ಬಾಯಿಪಾಠ ಮಾಡ್ತಾರ್ರಿ ಕಾಕು."

"ಮಾಡ್ಲೇಳ. ಇವರ ಶ್ರದ್ಧಾಂಜಲಿ ಸಭಾದಾಗೂ ಎಲ್ಲಾರೂ ಅದನ್ನ ಹೇಳಿದ್ರಲ್ಲ! ಆಲದ ಮರ ಧರೆಗುರುಳಿತು ಅಂದ ಸೊಸೈಟಿ ಚೇರಮನ್ನ. ಹೆಡ್‌ಮಾಸ್ತರನೂ ಹಂಗ ಅಂದ. ಆಮ್ಯಾಲ ನಮ್ಮ ಭೀಮಗೊಂಡ. ಮೂರ ಸಲ ಉರುಳಿತ ನೋಡ ಮರಾ! ಇವರು ಇದ್ದಿದ್ರ ಹೊಟ್ಟಿ ಹಿಡಕೊಂಡ ನಗತಿದ್ರು." ಗೌರಾಬಾಯಿ ತಾನೇ ನಕ್ಕಳು. "ನೀ ಒಬ್ಬಾಕಿ ಮೈಕ್ ಹಿಡದ ಸುಮ್ನ ನಿಂತಿ."

ಶಿವಗಂಗವ್ವನಿಗೆ ಬಾಯಿಪಾಠವಾಗಿದ್ದದ್ದೂ ಅದೇ ಮರದ ಮಾತು. ಅಂದು ಮೈಕಿನ ಮುಂದೆ ತನ್ನದೇ ಮಾತು ಹುಡುಕಿದರೆ ಒಳಗೆ ಏನೂ ಇರಲಿಲ್ಲ. ಇಂದೂ ಇರಲಿಲ್ಲ.

"ಕಾಲೇಜಿನ್ಯಾಗ ಕಲಿಸಿದ್ರ ಇವರ ಹೆಸರು ಉಳಿತೈತಿ. ಹಾಕ್ಕೋ ಗಂಟಿನ್ಯಾಗ."

ಹೂಂ ಅಂದು ಒಯ್ದು, ಕಲಿಸದೆ ಕಪಾಟಿನಲ್ಲಿಟ್ಟುಬಿಟ್ಟಿದ್ದರೂ ಕೇಳುವವರಿರಲಿಲ್ಲ. ಆದರೂ ಶಿವಗಂಗವ್ವ ಹಾಗೆ ಮಾಡಲಿಲ್ಲ.

"ಇದನ್ನ ಕಲಿಸಂಗಿಲ್ರಿ ಕಾಕು. ಕಲಿಸಿದ್ರ ಆ ಹುಡುಗರಿಗೂ ನನ್ನಂಗ ಆಗತೈತಿ, ಸ್ವಂತ ಮಾತ ಹುಟ್ಟಂಗಿಲ್ಲ."

ಕೇರುವ ಕೈ ನಿಂತಿತು. "ನಿನ್ನ ಮಂದಿ ಮುಂದ ನಿಂದ್ರಿಸಿದವರು ಅವರು. ಆ ಋಣಾ?"

"ಐತ್ರಿ. ಹಿಂಗ ತೀರಸಾಕ ಆಗವಲ್ದು."

ಗೌರಾಬಾಯಿ ಮತ್ತೆ ಕೇರತೊಡಗಿದಳು. ಹೊಟ್ಟು ಹಾರಿ ಪಡಸಾಲೆಯವರೆಗೂ ಬಂತು. ಶಿವಗಂಗವ್ವ ಆ ಪುಸ್ತಕ ಬಿಟ್ಟು ಗಂಟು ಕಟ್ಟಿ, ಹೊರಡುವ ಮುನ್ನ ಬಾಗಿ ಗೌರಾಬಾಯಿಯ ಕಾಲು ಮುಟ್ಟಿದಳು. ಮುದುಕಿ ಕಾಲು ಹಿಂದೆಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.