ಜೂನ್ ಒಂದು

ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ನೀಲಮ್ಮನಿಗೆ ತಿಳಿಯುತ್ತಿರಲಿಲ್ಲ. ಅಬುಧಾಬಿಯ ವಕೀಲರ ಕಚೇರಿಯಲ್ಲಿ ಮೂರನೆಯ ಸಲ ಕುಳಿತು ಅದೇ ಮಾತು ಕೇಳುತ್ತಿದ್ದಳು. ಹೇಳುತ್ತಿದ್ದವಳು ಅಲ್ಲಿನ ಸಹಾಯಕಿ ನಾಫಿಯಾ, ಉಳ್ಳಾಲದ ಕಡೆಯ ಹುಡುಗಿ.

"ಹದಿನೆಂಟು ತುಂಬದಿದ್ರೆ ಮಕ್ಕಳ ಕೋರ್ಟು ಅಕ್ಕಾ. ತುಂಬಿದ್ರೆ ದೊಡ್ಡವರದ್ದು. ಪಾಸ್‌ಪೋರ್ಟಲ್ಲಿ ನೋಡಿದ್ರೆ ಕಾರು ಗುದ್ದಿದ ದಿನಕ್ಕೆ ಪ್ರಸಾದನಿಗೆ ಹದಿನೆಂಟು ಆಗಿ ಒಂದೂವರೆ ತಿಂಗಳಾಗಿತ್ತು. ನಾವು ಎಂತ ಮಾಡುದು ಹೇಳಿ?"

ಒಂದೂವರೆ ತಿಂಗಳು! ನೀಲಮ್ಮನ ಗಂಡ ಅಡಿವೆಪ್ಪ ಊರಂಚಿನ ಮುಸಫ್ಫಾದ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಜುಲೈ ತಿಂಗಳ ಒಂದು ಶುಕ್ರವಾರ ಮಗ ಪ್ರಸಾದ ಅಲ್ಲಿ ರಿಪೇರಿಗೆ ಬಂದಿದ್ದ ಕಾರಿನ ಕೀಲಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಹೋಗಿ ಗೆಳೆಯನ ಕೈಗೆ ಕೊಟ್ಟಿದ್ದ. ಗೆಳೆಯನೆಂದರೆ ಫುಟ್‌ಬಾಲ್ ಆಡುವಲ್ಲಿ ಪರಿಚಯವಾದ ಇಂಗ್ಲೆಂಡಿನ ಹುಡುಗ. ಕಾರು ಓಡಿಸಿದವನು ಅವನೇ, ಪ್ರಸಾದ ಪಕ್ಕದಲ್ಲಿ ಕುಳಿತಿದ್ದ. ಹತ್ತಿರದ ಬನಿಯಾಸ್‌ನಲ್ಲಿ ಒಬ್ಬ ವಾಚ್‌ಮನ್‌ಗೆ ಗುದ್ದಿದರು, ಆ ಬಡಪಾಯಿಯ ಕಾಲು ಮುರಿಯಿತು. ತಪ್ಪು ತಪ್ಪೇ, ಅದರಲ್ಲಿ ನೀಲಮ್ಮನಿಗೆ ಎರಡು ಮಾತಿರಲಿಲ್ಲ. ಆದರೆ ಇಂಗ್ಲೆಂಡಿನ ಹುಡುಗನಿಗೆ ಹದಿನೇಳೂವರೆ ಎಂದು ಅವನನ್ನು ತಂದೆತಾಯಿಯ ವಶಕ್ಕೆ ಕೊಟ್ಟಿದ್ದರು. ಪ್ರಸಾದ ಮಾತ್ರ ಗಡ್ಡ ಬಂದವರ ಜೊತೆ ಒಳಗಿದ್ದ. ಜೈಲಾಗಬಹುದು, ಅದು ಮುಗಿದ ಮೇಲೆ ವಿಮಾನ ಹತ್ತಿಸಿ ಕಳಿಸಲೂಬಹುದು ಎಂದು ವಕೀಲರು ಹೇಳಿದ್ದರು.

"ಇಬ್ಬರೂ ಕೂಡೇ ಮಾಡ್ಯಾರ. ಬಿಳೀ ಹುಡುಗಗ ಒಂದ ನ್ಯಾಯ, ನನ್ನ ಮಗಗ ಒಂದ ನ್ಯಾಯ ಏನವ್ವಾ?"

"ಕಾನೂನಲ್ಲಿ ಬಣ್ಣ ಬರೆದಿಲ್ಲ ಅಕ್ಕಾ. ತಾರೀಕು ಮಾತ್ರ ನೋಡುದು."

ತಾರೀಕು. ಆ ತಾರೀಕು ನೀಲಮ್ಮನದೇ ಕೈವಾಡ.

ಮುಧೋಳದ ಕಡೆಯ ಹಳ್ಳಿಯಲ್ಲಿ ಒಂದನೇತ್ತಾ, ಅಂದರೆ ಒಂದನೇ ತರಗತಿಗೆ ಸೇರಿಸಲು ಐದು ವರ್ಷ ಹತ್ತು ತಿಂಗಳಾಗಿರಬೇಕಿತ್ತು. ಪ್ರಸಾದನಿಗೆ ಐದು ವರ್ಷ ಎರಡೂವರೆ ತಿಂಗಳು. ಪಕ್ಕದ ಮನೆಯ ಹುಡುಗಿ ಪಾಟಿಚೀಲ ಹಾಕಿಕೊಂಡು ಹೊರಟಿದ್ದನ್ನು ನೀಲಮ್ಮನಿಗೆ ನೋಡಲಾಗಲಿಲ್ಲ. ಹೆಡ್ ಮಾಸ್ತರರು ಅಂಥ ತಾಯಂದಿರನ್ನು ಬೇಕಾದಷ್ಟು ಕಂಡವರು; ಹುಟ್ಟಿದ್ದು ಹಿಂದಿನ ವರ್ಷದ ಜೂನ್ ಒಂದು ಎಂದು ಬರೆದುಕೊಂಡರು. ಆ ಶಾಲೆಯಲ್ಲಿ ಅರ್ಧ ತರಗತಿ ಜೂನ್ ಒಂದಕ್ಕೇ ಹುಟ್ಟಿತ್ತು. ಸಾಹೇಬರು ತಪಾಸಣೆಗೆ ಬಂದರೆ ಹುಡುಗ ಬಾಯಿಬಿಡಬಾರದಲ್ಲ, ಅದಕ್ಕೆ ನೀಲಮ್ಮ ಪಾಠ ಮಾಡಿದಳು: "ಯಾರರ ಕೇಳಿದ್ರ ಮೊದಲ ನನ್ನ ಮಾರಿ ನೋಡು. ನಾ ತಲಿ ಆಡಿಸಿದ್ರ ಜೂನ್ ಒಂದು ಅನ್ನು." ಸರಿಯಾಗಿ ಹೇಳಿದಾಗಲೆಲ್ಲ ಒಂದು ಶೇಂಗಾ ಉಂಡಿ ಕೊಟ್ಟಳು. ಶಾಲೆಯಿಂದ ಆ ತಾರೀಕು ಎಲ್ಲ ಕಾಗದಗಳಿಗೂ ಹೋಯಿತು, ಪಾಸ್‌ಪೋರ್ಟಿಗೂ ಬಂತು.

ಆ ಇಂಗ್ಲೆಂಡಿನ ಹುಡುಗ ಆಸ್ಪತ್ರೆಯಲ್ಲಿ ಹುಟ್ಟಿದವನು, ಅವನ ತಾರೀಕನ್ನು ಯಾರೂ ಅಲುಗಾಡಿಸುವಂತಿಲ್ಲ. ಪ್ರಸಾದ ಹುಟ್ಟಿದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಕಾನೂನಿಗೆ ಬಣ್ಣವಿಲ್ಲವಂತೆ, ಇರಲಿ. ಗಟ್ಟಿ ಕಾಗದ ಯಾರ ಮನೆಯಲ್ಲಿರುತ್ತದೆ, ಯಾರ ಮನೆಯಲ್ಲಿ ಇರುವುದಿಲ್ಲ, ಅದಕ್ಕೂ ಬಣ್ಣವಿಲ್ಲವೇ ಎಂದು ಕೇಳಬೇಕೆನಿಸಿತು. ಅದರ ಬದಲು, ಬಸುರಿಯಿದ್ದಾಗ ಸರ್ಕಾರಿ ದವಾಖಾನೆಯಲ್ಲಿ ಕೊಟ್ಟಿದ್ದ ತಾಯಿ ಕಾರ್ಡನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಊರಲ್ಲಿದ್ದ ತಂಗಿ ಟ್ರಂಕಿನ ತಳದಿಂದ ಹುಡುಕಿ ಕಳಿಸಿದ್ದಳು. ಮನೆಗೆ ಬಂದು ಹೆರಿಗೆ ಮಾಡಿಸಿದ ನರ್ಸಮ್ಮ ಅದರಲ್ಲಿ ಬರೆದಿದ್ದಳು: ಗಂಡು ಮಗು, ಮಾರ್ಚ್ ಹದಿನಾಲ್ಕು. ವರ್ಷ ಪಾಸ್‌ಪೋರ್ಟಿನದಕ್ಕಿಂತ ಒಂದು ಮುಂದಿನದು. ಅದರ ಲೆಕ್ಕದಲ್ಲಿ ಅವನಿಗೆ ಇನ್ನೂ ಹದಿನೇಳು.

ನಾಫಿಯಾ ಕಾರ್ಡನ್ನು ತಿರುಗಿಸಿ ನೋಡಿದಳು. "ಅರಬಿಗೆ ಅನುವಾದ ಮಾಡಿಸುವ. ಜಡ್ಜ್ ಹುಡುಗನ ಬಾಯಿಯಿಂದಲೇ ಕೇಳಬಹುದು ಅಕ್ಕಾ, ಅವನಿಗೆ ಮೊದಲೇ ಹೇಳಿ ಇಡಿ. ನಿಜ ಹೇಳಿದ್ರೆ ಸಾಕು."

ಮನೆಯಲ್ಲಿ ಅಡಿವೆಪ್ಪ ಹೌಹಾರಿದ. "ಪಾಸ್‌ಪೋರ್ಟ್‌ನ್ಯಾಗಿಂದು ಸುಳ್ಳು ಅಂತ ನಾವ ಹೇಳಿದ್ರ ಇವರು ಸುಮ್ನ ಬಿಡ್ತಾರೇನ? ವೀಸಾ ಹೊಕ್ಕೈತಿ, ಕೆಲಸ ಹೊಕ್ಕೈತಿ. ಮಗಳು ನಿವೇದಿತಾ ಹತ್ತನೇತ್ತಾದಾಗ ಅದಾಳ. ಎಲ್ಲಾ ಖಲಾಸ್!"

"ಮಗಾ ಹ್ವಾದ ಮ್ಯಾಲ ವೀಸಾ ಇಟಗೊಂಡು ಪೂಜಿ ಮಾಡ್ತೀರೇನ್ರಿ?"

ಮಗನನ್ನು ನೋಡಲು ಆ ವಾರ ಒಬ್ಬರಿಗೆ ಮಾತ್ರ ಅನುಮತಿ ಸಿಕ್ಕಿತ್ತು, ಹೋದವನು ಅಡಿವೆಪ್ಪನೇ. ಸಂಜೆ ಬಂದಾಗ ನೀಲಮ್ಮ ಬಾಗಿಲಲ್ಲೇ ಕೇಳಿದಳು: "ಹೇಳಿದ್ರೇನು?" ಅವನು "ಹ್ಞೂಂ" ಎಂದು ಸ್ನಾನಕ್ಕೆ ಹೋದ.

ಸೋಮವಾರ ಕೋರ್ಟಿನಲ್ಲಿ ಪ್ರಸಾದ ಬಡಕಲಾಗಿ ಕಂಡ. ನ್ಯಾಯಾಧೀಶರಿಗೆ ಅವಸರವಿರಲಿಲ್ಲ, ಒರಟುತನವೂ ಇರಲಿಲ್ಲ. ಮಾಸಿದ ಕಾರ್ಡನ್ನು, ಅದರ ಅನುವಾದವನ್ನು, ಪಾಸ್‌ಪೋರ್ಟನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅನುವಾದಕನ ಮೂಲಕ ಕೇಳಿಸಿದರು: "ನೀನು ಹುಟ್ಟಿದ್ದು ಯಾವಾಗ?"

ಪ್ರಸಾದ ತಿರುಗಿ ತಾಯಿಯ ಮುಖ ನೋಡಿದ.

ಹೇಳು ಮಗನೇ, ಹೆದರಬೇಡ, ನಿಜ ಹೇಳು ಎಂದು ಒಳಗೊಳಗೇ ಅಂದುಕೊಳ್ಳುತ್ತಾ ನೀಲಮ್ಮ ಜೋರಾಗಿ ತಲೆಯಾಡಿಸಿದಳು.

"ಜೂನ್ ಒಂದು," ಎಂದ ಪ್ರಸಾದ. ಅದೇ ರಾಗ, ಐದು ವರ್ಷದವನಿದ್ದಾಗ ಹೇಳಿದ್ದ ರಾಗ. ವರ್ಷವನ್ನೂ ಪಾಸ್‌ಪೋರ್ಟಿನಲ್ಲಿದ್ದ ಹಾಗೆಯೇ ಹೇಳಿದ.

ನೀಲಮ್ಮ ಎದ್ದು ಏನೋ ಕೂಗಿದಳು, ಪೊಲೀಸಿನವಳು ಭುಜ ಹಿಡಿದು ಕೂರಿಸಿದಳು. ಅಷ್ಟರಲ್ಲಿ ಗುಮಾಸ್ತ ಬರೆದುಕೊಂಡಾಗಿತ್ತು. ಪ್ರಕರಣ ದೊಡ್ಡವರ ಕೋರ್ಟಿನಲ್ಲೇ ಮುಂದುವರಿಯಿತು. ವಕೀಲರು ಇನ್ನೊಂದು ಅರ್ಜಿ ಹಾಕುತ್ತೇನೆಂದರು, ಹೇಳುವಾಗ ಅವಳ ಮುಖ ನೋಡಲಿಲ್ಲ.

ಹೊರಗೆ ಅಡಿವೆಪ್ಪ ಗೋಡೆಗೆ ಒರಗಿ ನಿಂತಿದ್ದ. "ಅಂವಗ ನಾ ಏನೂ ಹೇಳಿರಲಿಲ್ಲ ನೀಲಾ. ಹೋಗಿದ್ದೆ, ಬಾಯೇ ಬರಲಿಲ್ಲ," ಎಂದು ಅತ್ತ. ಅವನ ಅಂಗಿ ಹಿಡಿದು ಜಗ್ಗಬೇಕು, ಬಾಯಿಗೆ ಬಂದಂತೆ ಬೈಯಬೇಕು ಎಂದು ನೀಲಮ್ಮ ಕೈ ಎತ್ತಿದಳು. ಎತ್ತಿದ ಕೈ ಹಾಗೇ ಕೆಳಗಿಳಿಯಿತು. ತಲೆಯಾಡಿಸಿದವಳು ಅವಳೇ ಆಗಿದ್ದಳು.