ಶಮಾ ಕೊರೆದ ಎಸಳು

ಅಫ್ಸರ ಕಾಕಾನ ಬಾಯಿಯಿಂದಾಗಿ ಮನೆಯೇ ಕೈತಪ್ಪುವ ಹೊತ್ತು ಬಂದಿತ್ತು.

ಪಟ್ಟದಕಲ್ಲಿನ ಆಚೆ, ಮಲಪ್ರಭೆ ಹೊರಳುವ ಕಣಿವೆಯಲ್ಲಿ ಆ ಕೆಂಪು ಕಲ್ಲಿನ ಮನೆಯನ್ನು ಕಟ್ಟಿದವನು ಶಮಾಳ ಗಂಡನ ಅಜ್ಜ, ಕಲ್ಲುಕುಟಿಗ ಇಬ್ರಾಹಿಂಸಾಬ. ಬಾಗಿಲ ಮೇಲಿನ ಕಲ್ಲಿನಲ್ಲಿ ಅವನು ಹೂವಿನ ನಡುಬೊಟ್ಟನ್ನಷ್ಟೇ ಕೊರೆದು, ಎಸಳುಗಳನ್ನು ಸೊಸೆಯಂದಿರಿಗೆ ಬಿಟ್ಟ. ಮದುವೆಯಾಗಿ ಬಂದವಳು ಏಣಿ ಹತ್ತಿ ಒಂದು ಎಸಳು ಕೊರೆಯಬೇಕು. ಅಲ್ಲಿಗೆ ಮನೆ ಅವಳದೂ ಆಯಿತು. ಶಮಾಳ ಅತ್ತೆ ಕಾಸಿಂಬಿಯ ಎಸಳು ಬದನೆಕಾಯಿಯ ಹಾಗಿದೆ.

ಶಮಾಳ ಎಸಳು ಮಾತ್ರ ಇರಲಿಲ್ಲ. ಗಂಡನ ಕಾಕಾ ಅಫ್ಸರ ಪಟ್ಟದಕಲ್ಲಿನ ಗುಡಿಗಳನ್ನು ತೋರಿಸುವ ಗೈಡು. ಪ್ರವಾಸಿಗರನ್ನು ಬಾಗಿಲಿಗೆ ಕರೆತಂದು ಚಾಲುಕ್ಯರ ಕಾಲದ ಹೂವೆಂದು ತೋರಿಸುತ್ತಿದ್ದ. "ಹೊಸಾದು ಕೊರದ್ರ ಬಣ್ಣ ಬ್ಯಾರೆ ಕಾಣ್ತೈತವಾ. ಸ್ವಲ್ಪ ತಡಿ" ಅಂದಿದ್ದ. ಆ ಸ್ವಲ್ಪ ವರ್ಷಗಟ್ಟಲೆ ಬೆಳೆಯಿತು.

ಅವನ ಭಾಷಣವನ್ನು ಯಾರೋ ಫೋನಿನಲ್ಲಿ ಹಿಡಿದು ಊರೂರಿಗೆ ಹರಡಿದರು. ಈಗ ಹಳೆಯ ಕಟ್ಟಡಗಳನ್ನು ಗುರುತಿಸುವ ಕಚೇರಿಯ ಅಧಿಕಾರಿ ಟೇಪು ಹಿಡಿದು ಅಂಗಳದಲ್ಲಿ ನಿಂತಿದ್ದ.

"ಇದು ಪ್ರಾಚೀನ ರಚನೆ. ನೀವು ಬಿಟ್ಟು ಹೋಗಬೇಕಾಗುತ್ತದೆ."

"ನಮ್ಮ ಮಾವ ಕಟ್ಟಿದ್ದು ರೀ ಇದು," ಕಾಸಿಂಬಿ ಸೆರಗು ಬಿಗಿದಳು. "ಬೀಡಿ ಸೇದ್ಕೋತ ಕಟ್ಯಾನ. ಅಂವಾ ಯಾವ ಊರಿನ ರಾಜಾ ಆದಾನು?"

"ವಿಡಿಯೋದಲ್ಲಿ ನಿಮ್ಮವರೇ ಹೇಳಿದ್ದಾರಲ್ಲಮ್ಮ."

ಎಲ್ಲರೂ ಕಾಕಾನ ಕಡೆ ನೋಡಿದರು. ಮೂರು ಭಾಷೆಯಲ್ಲಿ ಪಟಪಟ ಮಾತಾಡುವವನು ಮೆಲ್ಲಗೆ ಕಾಸಿಂಬಿಯ ಬೆನ್ನ ಹಿಂದೆ ಸರಿದ.

ಶಮಾ ಒಳಗೆ ಹೋಗಿ ಉಳಿ, ಸುತ್ತಿಗೆ ತಂದಳು. ಏಣಿಯನ್ನು ಬಾಗಿಲಿಗೆ ಆನಿಸಿದಳು.

"ಮುಟ್ಟಬೇಡಿ! ಜೈಲಾಗುತ್ತದೆ."

"ಆಗ್ಲಿ ಬಿಡ್ರಿ. ನನ್ನ ಮನ್ಯಾಗ ನನ್ನ ಎಸಳ ಕೊರ್ಯಾಕ ನಿಮ್ಮನ್ನ ಕೇಳ್ಬೇಕೇನ್ರಿ?"

ಅಧಿಕಾರಿ ಫೋನೆತ್ತಿದ. "ಎಲ್ಲ ರೆಕಾರ್ಡ್ ಆಗ್ತಿದೆ."

"ನೆಟ್ಟಗ ಹಿಡೀರಿ. ನನ್ನ ಮಾರಿ ಕಾಣ್ಲಿ."

ಶಮಾ ಹತ್ತುತ್ತಿದ್ದಂತೆ ಏಣಿ ಅಲುಗಿತು. ಕೆಳಗೆ ಬಂದು ಹಿಡಿದವನು ಅಫ್ಸರ ಕಾಕಾ. "ಬಣ್ಣ ಬ್ಯಾರೆ ಆಗ್ತೈತಿ ಶಮಾ," ಎಂದು ರೂಢಿಯಂತೆ ಗೊಣಗಿದ.

"ಆಗಬೇಕು ಕಾಕಾ. ಈ ಹೂವು ರಾಜರದಲ್ಲ, ಸೊಸಿಯಂದಿರದು ಅಂತ ಗೊತ್ತಾಗ್ಲಿ. ಅದಕ್ಕs ಹತ್ತೀನಿ."

ಮೊದಲ ಏಟಿಗೆ ಉಳಿ ಜಾರಿತು. ಮುಂದಿನ ಏಟಿಗೆ ಚಕ್ಕೆಯೊಂದು ಸಿಡಿದು ಅಧಿಕಾರಿಯ ಅಂಗಿಯ ಮೇಲೆ ಬಿತ್ತು. ಒಳಗಿನ ಕಲ್ಲು ಕೊಯ್ದ ಕಲ್ಲಂಗಡಿಯ ಹಾಗೆ ಕೆಂಪಗೆ ಕಂಡಿತು.

"ಸೊಟ್ಟಾತು ನೋಡು," ಅಂದಳು ಕಾಸಿಂಬಿ. "ನಿನ್ನದು ನನ್ನದಕ್ಕಿಂತ ಕೆಟ್ಟೈತಿ."

"ನಿಮ್ಮ ಮೇಲೆ ದೂರು ಕೊಡುತ್ತೇನೆ," ಅಧಿಕಾರಿ ಅಂಗಿಯ ಮೇಲಿನ ಚಕ್ಕೆ ಕೊಡವಿದ.

"ಕೊಡ್ರಿ. ಈ ಮನಿ ಸೊಸಿ ಶಮಾ ಅಂತ ಸ್ವಚ್ಛ ಬರೀರಿ. ಸೊಸಿ ಅನ್ನೂದು ಬಿಡಬ್ಯಾಡ್ರಿ."

ಅವನು ಫೋನು ಕಿವಿಗಿಟ್ಟುಕೊಂಡು ಜೀಪಿನ ಕಡೆ ನಡೆದ. ನಾಳೆ ಯಾರನ್ನು ಕರೆತರುತ್ತಾನೋ ಯಾರಿಗೂ ಗೊತ್ತಿರಲಿಲ್ಲ. ಎಸಳು ಇನ್ನೂ ಅರ್ಧವಾಗಿತ್ತು. ಶಮಾ ಏಣಿ ಇಳಿಯಲಿಲ್ಲ; ಕಣ್ಣಿಗೆ ಬಿದ್ದ ಧೂಳನ್ನು ಮೊಣಕೈಯಿಂದ ಒರೆಸಿಕೊಂಡು ಮತ್ತೆ ಸುತ್ತಿಗೆ ಎತ್ತಿದಳು.