ಆಲೆಮನೆಯ ಜೇನು

ನಾಲ್ಕು ಜನರ ನಡುವೆ ಬಾಯಿ ತೆರೆದರೆ ಕೇಳುವವರು ನಕ್ಕಾರೆಂಬುದು ಸ್ಫೂರ್ತಿಯ ಗುಟ್ಟಿನ ಚಿಂತೆ. ಅದನ್ನು ತನಗೆ ತಾನೇ ಒಪ್ಪಿಕೊಂಡದ್ದೂ ಈಚೆಗೆ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದವಳು ಹೆಚ್ಚಾಗಿ ಮಾತಾಡುತ್ತಿದ್ದದ್ದು ತನ್ನೊಂದಿಗೇ.

ಅವಳು ಎಮ್ಮಿಗನೂರಿನ ಸೋದರಮಾವ ಚನ್ನಯ್ಯನ ಮನೆಗೆ ಬಂದ ದಿನವೇ ಹೊಸಪೇಟೆಯ ವ್ಯಾಪಾರಿ ಮನೋಹರ್ ಬಂದು ಪಡಸಾಲೆಯಲ್ಲಿ ಗಟ್ಟಿಯಾಗಿ ಕುಳಿತ. ಮಾವನಿಂದ ಕೊಂಡ ಜೇನನ್ನು ಪರೀಕ್ಷೆಗೆ ಕಳಿಸಿದ್ದನಂತೆ. ಅರ್ಧಕ್ಕರ್ಧ ಕಬ್ಬಿನ ಸಕ್ಕರೆ ಎಂದು ತಿಳಿದುಬಂದಿತ್ತು.

"ಪಾಕ ಕೂಡಿಸೀನಿ ಅಂತ ಒಪ್ಪಿಕೊಂಡುಬಿಡ್ರಿ, ಚನ್ನಯ್ಯನೋರ."

"ಒಂದು ಹನಿ ಕೂಡಿಸಿದ್ರ ಈ ಕೈ ಸೇದಿಹೋಗ್ಲಿ."

ಅತ್ತೆ ಗಂಗಾಂಬಿಕಾ ಒಳಗಿನಿಂದಲೇ ಅಂದಳು: "ಕೂಡಿಸಾಕ ಮೈ ಬಗ್ಗಬೇಕಲ್ರಿ. ಇವರು ಚಾದಾಗ ಸಕ್ಕರೆ ಕಲಸಾಕೂ ನನ್ನ ಕರೀತಾರ."

ಮನೋಹರ್ ನಕ್ಕ, ಆದರೆ ಏಳಲಿಲ್ಲ. ಅವನು ಹೀಗೇ ಹೋದರೆ ಕಂಪ್ಲಿಯಿಂದ ಹೊಸಪೇಟೆಯವರೆಗೆ ಮಾವ ಕಳ್ಳನಾಗುತ್ತಿದ್ದ.

ಸ್ಫೂರ್ತಿ ಕಿಟಕಿಯಾಚೆ ನೋಡಿದಳು. ಹೋದ ವರ್ಷದವರೆಗೆ ಜೇನುಪೆಟ್ಟಿಗೆಗಳು ಸಂಡೂರಿನ ಗುಡ್ಡದಡಿ ಇದ್ದವು. ಅದಿರಿನ ಲಾರಿಗಳ ಕೆಂಧೂಳು ಹೂವನ್ನೆಲ್ಲ ಮುಚ್ಚಿದ ಮೇಲೆ ಮಾವ ಅವನ್ನು ಇಲ್ಲಿಗೆ ತಂದು, ನೆರಳಿದೆಯೆಂದು, ಬೆಲ್ಲ ಕಾಯಿಸುವ ಆಲೆಮನೆಯ ಗೋಡೆಗೇ ಒತ್ತಿ ಇಟ್ಟಿದ್ದ. ಈಗಲೂ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ಅಂಚಿಗೆ ಜೇನುಹುಳುಗಳು ಮುತ್ತಿದ್ದವು. "ನನ್ನ ಹುಳಕ್ಕ ದೂರ ಹಾರೋ ತ್ರಾಸಿಲ್ಲ" ಎಂದು ಬೆಳಿಗ್ಗೆ ಮಾವ ಜಂಬ ಕೊಚ್ಚಿದ್ದ.

ಅವಳಿಗೆ ಲೆಕ್ಕ ಹತ್ತಿತು. ಗಾಳಿಯ ಇಂಗಾಲದಲ್ಲಿ ಎರಡು ಬಗೆ: ಹಗುರಾದದ್ದೇ ಬಹುಪಾಲು, ಭಾರದ್ದು ಚೂರು. ಜೇನುಹುಳುಗಳಿಗೆ ಮಕರಂದ ಕೊಡುವ ಹೊಂಗೆ, ಬೇವಿನ ಎಲೆಯೊಳಗೆ ಇಂಗಾಲ ಹಿಡಿಯುವ ಕಿಣ್ವ, ಕಂಪ್ಲಿ ಸಂತೆಯಲ್ಲಿ ಬದನೆಕಾಯಿ ಆರಿಸುವ ಅತ್ತೆಯಂಥದು: ಹಗುರಾದದ್ದನ್ನೇ ಹುಡುಕಿ, ಭಾರದ್ದನ್ನು ಆದಷ್ಟು ಬಿಡುತ್ತದೆ. ಕಬ್ಬಿನಲ್ಲಿ ಮೊದಲು ಕೈಹಾಕುವ ಕಿಣ್ವವೇ ಬೇರೆ. ಅದು ಮಾವನ ಹಾಗೆ ಸಿಕ್ಕಿದ್ದನ್ನು ಚೀಲಕ್ಕೆ ಸುರಿದುಕೊಂಡು ಬರುವ ಗಿರಾಕಿ. ಹಾಗಾಗಿ ಕಬ್ಬಿನ ಸಕ್ಕರೆಯಲ್ಲಿ ಭಾರದ ಇಂಗಾಲ ತುಸು ಹೆಚ್ಚು. ಹುಳುವಿನ ಹೊಟ್ಟೆ ಹಾದು ಬಂದರೂ ಆ ಗುರುತು ಅಳಿಯುವುದಿಲ್ಲ. ಪರೀಕ್ಷೆ ಹಿಡಿದದ್ದು ಅದನ್ನೇ.

"ಏ ಹುಡುಗಿ, ಇಷ್ಟು ಓದೀಯಲ್ಲ," ಎಂದ ಮಾವ. "ಪರೀಕ್ಷೆ ಸುಳ್ಳು ಅಂತ ಇವರಿಗೆ ಹೇಳು."

"ಅಕಿ ಏನು ಹೇಳ್ತಾಳ," ಎಂದಳು ಅತ್ತೆ, ಬಾಗಿಲಿಗೆ ಬಂದು. "ಉಪ್ಪು ಬೇಕಾದ್ರೂ ತಟ್ಟೆ ನೋಡಿಕೋತ ಕುಂದ್ರತಾಳ."

ಹೇಳಿದರೆ ಮಾವನ ಮೇಲಿನ ಕಳ್ಳತನ ಹೋಗುತ್ತದೆ, ಜೊತೆಗೆ ಅವನ ಜೇನೂ ಹೋಗುತ್ತದೆ. ಮೂವರೂ ಅವಳನ್ನೇ ನೋಡುತ್ತಿದ್ದರು.

"ಪರೀಕ್ಷೆ ಖರೇನ ಐತಿ, ಮಾಮ. ನೀ ಕೂಡಿಸಿಲ್ಲ, ಅದೂ ಖರೇನ. ನಿನ್ನ ಹುಳ ಕೊಪ್ಪರಿಗ್ಯಾಗಿನ ಕಬ್ಬಿನ ಹಾಲು ಕುಡದಾವ. ಇದನ್ನ ಜೇನಂತ ಮಾರಬ್ಯಾಡ."